ಕೇಸ್ ಮುಗಿದರೂ ಕಡತ ಮುಗಿಯುವುದಿಲ್ಲ

“ಖುಲಾಸೆ ಆಗಿ ಎರಡು ವರ್ಷ ಆಯ್ತಲ್ಲ ಸಾರ್, ಆದ್ರೂ ವೆರಿಫಿಕೇಶನ್‌ನಲ್ಲಿ ಯಾಕೆ ಕೇಸ್ ತೋರಿಸ್ತಿದೆ?” ವಕೀಲರ ಕಚೇರಿಗಳಿಗೆ ಈ ಪ್ರಶ್ನೆ ಹೊಸದಲ್ಲ. ನ್ಯಾಯಾಧೀಶರು ಬಿಟ್ಟ ಮೇಲೆ ಪೊಲೀಸರ ಪುಸ್ತಕದಿಂದಲೂ ಹೆಸರು ಹೋಗಿರಬೇಕು ಅಂತ ಕೇಳುವವರ ನಂಬಿಕೆ. ಹೋಗಿರುವುದಿಲ್ಲ. ಹೋಗಲೇಬೇಕು ಅಂತ ಹೇಳುವ ಕಾನೂನೂ ನಮ್ಮಲ್ಲಿಲ್ಲ.

ಬ್ರಿಟನ್‌ನಲ್ಲಿ 1974ರಿಂದಲೇ ಒಂದು ಕಾಯ್ದೆ ಇದೆ. ಶಿಕ್ಷೆಯ ಪ್ರಮಾಣಕ್ಕೆ ತಕ್ಕಷ್ಟು ವರ್ಷ ತಂಟೆಯಿಲ್ಲದೆ ಕಳೆದರೆ ಹಳೆಯ ಶಿಕ್ಷೆಯನ್ನು ಬಹುತೇಕ ಕೆಲಸಗಳಿಗೆ ಹೇಳಿಕೊಳ್ಳಬೇಕಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ 2018ರಲ್ಲಿ ಕಾನೂನು ಮಾಡಿ, ಸಣ್ಣಪುಟ್ಟ ಪ್ರಕರಣಗಳ ದಾಖಲೆಗೆ ತಾನಾಗಿಯೇ ಮೊಹರು ಬೀಳುವ ವ್ಯವಸ್ಥೆ ತಂದಿತು. ಭಾರತದಲ್ಲಿ ವಯಸ್ಕರಿಗೆ ಇಂಥದ್ದೇನೂ ಇಲ್ಲ. ಇರುವುದೆಲ್ಲ ಬೇರೆ ಬೇರೆ ಕಾಯ್ದೆಗಳಲ್ಲಿ ಅಡಗಿರುವ ಚೂರುಪಾರು ಅವಕಾಶಗಳು. ಅವನ್ನು ಹುಡುಕಿ, ಸರಿಯಾದ ಕಚೇರಿಗೆ ಸರಿಯಾದ ಕಾಗದ ಮುಟ್ಟಿಸುವ ಕೆಲಸ ಆ ಮನುಷ್ಯನದೇ.

ಮೊದಲು ದಾಖಲೆ ಎಲ್ಲೆಲ್ಲಿ ಕೂತಿದೆ ಅಂತ ನೋಡಬೇಕು. ಠಾಣೆಯಲ್ಲಿ ಕ್ರೈಂ ನಂಬರ್ ಇದೆ. ಅದೇ ಮಾಹಿತಿ ಪೊಲೀಸರ ಗಣಕಜಾಲದಲ್ಲೂ ಇದೆ. ಜಿಲ್ಲಾ ಅಪರಾಧ ದಾಖಲೆ ವಿಭಾಗ ಬೇರೆ. ಕೋರ್ಟಿನಲ್ಲಿ ಅದೇ ಪ್ರಕರಣ ಸಿ.ಸಿ. (ಕ್ರಿಮಿನಲ್ ಕೇಸ್) ನಂಬರ್ ಪಡೆದು, 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯೊಂದಿಗೆ ಇ-ಕೋರ್ಟ್ಸ್ ತಾಣಕ್ಕೆ ಏರಿರುತ್ತದೆ. ಅಲ್ಲಿ ಹೆಸರು ಟೈಪಿಸಿ ಯಾರು ಬೇಕಾದರೂ ಹುಡುಕಬಹುದು. 2016ರ ಸುಪ್ರೀಂ ಕೋರ್ಟ್ ಆದೇಶದ ನಂತರ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಅಂತರ್ಜಾಲಕ್ಕೆ ಹಾಕಬೇಕು. ಬೆರಳಚ್ಚು ತೆಗೆದಿದ್ದರೆ ಅದು ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದಲ್ಲಿರುತ್ತದೆ. ಹೈಕೋರ್ಟ್‌ವರೆಗೆ ಹೋಗಿದ್ದರೆ ತೀರ್ಪಿನ ಪೂರ್ಣಪಾಠ ಖಾಸಗಿ ತಾಣಗಳಲ್ಲೂ ಸಿಗುತ್ತದೆ. ಇವುಗಳಲ್ಲಿ ಒಂದು ಕಡೆ ಆದದ್ದನ್ನು ಇನ್ನೊಂದು ಕಡೆಗೆ ತಪ್ಪದೆ ತಿಳಿಸುವವರು ಯಾರೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದು ಕೇಸ್ ಹೇಗೆ ಮುಗಿಯಿತು ಎಂಬುದು. ಜನ “ಮುಗೀತು” ಅಂತ ಒಂದೇ ಮಾತಿನಲ್ಲಿ ಹೇಳುತ್ತಾರೆ. ತನಿಖೆಯಲ್ಲಿ ಏನೂ ಸಿಗದೆ ಪೊಲೀಸರು ಬಿ ರಿಪೋರ್ಟ್ ಹಾಕಿರಬಹುದು, ಹೈಕೋರ್ಟ್ ರದ್ದು ಮಾಡಿರಬಹುದು, ವಿಚಾರಣೆಗೆ ಮುಂಚೆಯೇ ಆರೋಪದಿಂದ ಕೈಬಿಟ್ಟಿರಬಹುದು, ಸಾಕ್ಷಿಗಳು ತಿರುಗಿಬಿದ್ದು ಖುಲಾಸೆಯಾಗಿರಬಹುದು, ರಾಜಿಯಾಗಿರಬಹುದು, ದಂಡ ಕಟ್ಟಿ ಹೊರಬಂದಿರಬಹುದು. ಕಾನೂನಿನ ಕಣ್ಣಿಗೆ ಇವು ಬೇರೆ ಬೇರೆ. ಇನ್ನೊಂದು ಬಗೆಯೂ ಇದೆ: ಆರೋಪಿ ವಾಯಿದೆಗಳಿಗೆ ಹೋಗದೆ ಬಿಟ್ಟಿದ್ದರಿಂದ ಅವನೊಬ್ಬನ ಪ್ರಕರಣವನ್ನು ಬೇರ್ಪಡಿಸಿ, ದೀರ್ಘಕಾಲ ಬಾಕಿ ಎಂದು ಎತ್ತಿಟ್ಟಿರುತ್ತಾರೆ. ಜೊತೆಗಿದ್ದವರಿಗೆ ಖುಲಾಸೆಯಾಯಿತು, ನನಗೂ ಆಗಿರಬೇಕು ಅಂತ ಆತ ದುಬೈನಲ್ಲಿ ನೆಮ್ಮದಿಯಾಗಿರುತ್ತಾನೆ. ಪಾಸ್‌ಪೋರ್ಟ್ ನವೀಕರಣಕ್ಕೆ ಬಂದಾಗ ಜಾಮೀನುರಹಿತ ವಾರಂಟ್ ಕಾದಿರುತ್ತದೆ.

ಅತಿ ಹೆಚ್ಚು ಹಾನಿ ಮಾಡುವುದು ಮಾತ್ರ ದಂಡ ಕಟ್ಟುವ ದಾರಿ. ಇಸ್ಪೀಟ್ ಆಡುವಾಗ ಸಿಕ್ಕಿಬಿದ್ದವರ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಬೀಳುತ್ತದೆ. ಮೊದಲ ವಾಯಿದೆಯಲ್ಲೇ ಪಕ್ಕದವರು ಯಾರೋ “ಒಪ್ಕೊಂಡು ಫೈನ್ ಕಟ್ಬಿಡಿ, ಯಾಕೆ ಅಲೆದಾಟ” ಅಂತಾರೆ. ನ್ಯಾಯಾಧೀಶರು ಕೇಳುತ್ತಾರೆ, ಆರೋಪಿ ತಲೆಯಾಡಿಸುತ್ತಾನೆ, ರಸೀದಿ ಕೈಗೆ ಬರುತ್ತದೆ. ಅರ್ಧ ದಿನದ ಕೆಲಸ. ಆದರೆ ಆದೇಶದಲ್ಲಿ ಬರೆದಿರುವುದು “ಆರೋಪಿಯು ತಪ್ಪೊಪ್ಪಿಕೊಂಡಿರುವುದರಿಂದ ದೋಷಿ” ಎಂದು. ದಂಡ ಎಷ್ಟೇ ಚಿಕ್ಕದಿರಲಿ, ಅದು ಶಿಕ್ಷೆ. ಐದಾರು ವರ್ಷ ಕಳೆದು ಅದೇ ಹುಡುಗ ಕಾನ್‌ಸ್ಟೆಬಲ್ ಹುದ್ದೆಗೆ ಆಯ್ಕೆಯಾಗಿ ದೃಢೀಕರಣ ಪತ್ರ ತುಂಬುವಾಗ “ಶಿಕ್ಷೆಯಾಗಿದೆಯೇ” ಎಂಬ ಅಂಕಣದ ಮುಂದೆ ಕೂರಬೇಕಾಗುತ್ತದೆ. ನೋವಿನ ಸಂಗತಿಯೆಂದರೆ, ಹೋರಾಡಿದ್ದರೆ ಅಂಥ ಎಷ್ಟೋ ಹಳೆಯ ಪ್ರಕರಣಗಳು ನಿಲ್ಲುತ್ತಲೇ ಇರಲಿಲ್ಲ. ಆಗ ಅದು ಅಸಂಜ್ಞೇಯ ಅಪರಾಧ. ತನಿಖೆಗೆ ಮುನ್ನ ಮ್ಯಾಜಿಸ್ಟ್ರೇಟರ ಅನುಮತಿ ಬೇಕಿತ್ತು. ಅದನ್ನು ಕ್ರಮವಾಗಿ ಪಡೆದಿಲ್ಲ ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಅನೇಕ ಜೂಜಿನ ಪ್ರಕರಣಗಳನ್ನು ರದ್ದುಪಡಿಸಿದೆ.

ಲೋಕ ಅದಾಲತ್‌ನಲ್ಲೂ ಈ ವ್ಯತ್ಯಾಸ ಗಮನಿಸಬೇಕು. ಸಣ್ಣ ಹೊಡೆದಾಟ, ಬೈಗುಳದಂಥ ಪ್ರಕರಣಗಳನ್ನು ದೂರುದಾರರೊಂದಿಗೆ ರಾಜಿ ಮಾಡಿಕೊಂಡರೆ ಅದರ ಪರಿಣಾಮ ಖುಲಾಸೆಯೇ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 320ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಂ ಹಾಗೆಯೇ ಹೇಳುತ್ತದೆ. ಅದೇ ಅದಾಲತ್‌ನಲ್ಲಿ, ಅದೇ ದಿನ, ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಶಿಕ್ಷೆ. ಸಹಿ ಹಾಕುವ ಮುಂಚೆ ಆದೇಶದ ಕೊನೆಯ ಪ್ಯಾರಾ ಓದಿಸಿಕೊಳ್ಳಿ. “ರಾಜಿಯಾಗಿದ್ದು ಆರೋಪಿಯನ್ನು ಖುಲಾಸೆಗೊಳಿಸಲಾಗಿದೆ” ಅಂತಿರಬೇಕು. ಚೆಕ್ ಬೌನ್ಸ್ ಪ್ರಕರಣದಲ್ಲಂತೂ ಶಿಕ್ಷೆಯಾದ ಮೇಲೂ, ಮೇಲ್ಮನವಿ ಹಂತದಲ್ಲಿ ಹಣ ಕೊಟ್ಟು ರಾಜಿಯಾಗುವ ದಾರಿ ತೆರೆದಿದೆ.

ತಪ್ಪು ನಡೆದೇ ಇದೆ, ಸಾಕ್ಷ್ಯ ಗಟ್ಟಿಯಾಗಿದೆ ಅಂತಾದರೆ ಕೇಳಬೇಕಾದ್ದು 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆಯ ಲಾಭ. 3ನೇ ಕಲಂನಡಿ ಎಚ್ಚರಿಕೆ ಕೊಟ್ಟು ಬಿಡಬಹುದು. 4ನೇ ಕಲಂನಡಿ ಗರಿಷ್ಠ 3 ವರ್ಷದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದಿಲ್ಲ. 21 ವರ್ಷದೊಳಗಿನವರಾದರೆ 6ನೇ ಕಲಂ ಇನ್ನೂ ಬಲವಾಗಿದೆ: ಜೈಲಿಗೆ ಕಳಿಸಲೇಬೇಕೆನಿಸಿದರೆ ನ್ಯಾಯಾಲಯ ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಂಡು, ಕಾರಣ ಬರೆಯಬೇಕು. 12ನೇ ಕಲಂ ಪ್ರಕಾರ, ಹೀಗೆ ಬಿಡುಗಡೆಯಾದವನಿಗೆ ಆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲ. ದೋಷಿ ಎಂಬ ತೀರ್ಮಾನ ಅಳಿಯುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಸರ್ಕಾರಿ ನೌಕರನಾಗಿದ್ದರೆ ಅದೇ ನಡತೆಯ ಮೇಲೆ ಇಲಾಖೆ ಕ್ರಮ ಕೈಗೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಈ ಕಾಯ್ದೆಯನ್ನು ವಕೀಲರು ಬಾಯಿಬಿಟ್ಟು ಕೇಳದಿದ್ದರೆ ಅದು ಆದೇಶಕ್ಕೆ ಬರುವುದು ಅಪರೂಪ. ಕಾಲೇಜು ಹುಡುಗರ ಗಾಂಜಾ ಸೇವನೆ ಪ್ರಕರಣಗಳಲ್ಲಿ ಇದು ಸಿಗುವುದಿಲ್ಲ ಅಂತ ಕೆಲವರು ಅಂದುಕೊಂಡಿದ್ದಾರೆ. ಮಾದಕ ವಸ್ತು ಕಾಯ್ದೆ ಇತರ ಅಪರಾಧಗಳಿಗೆ ಬಾಗಿಲು ಮುಚ್ಚಿದ್ದರೂ ಸೇವನೆಯ 27ನೇ ಕಲಂಗೆ ಮುಚ್ಚಿಲ್ಲ. ವ್ಯಸನಿಯಾಗಿದ್ದರೆ 39ನೇ ಕಲಂನಡಿ ಚಿಕಿತ್ಸೆಗೆ ಬಿಡುವ ದಾರಿಯೂ ಇದೆ.

ಹೈಕೋರ್ಟ್‌ನಲ್ಲಿ ರದ್ದು ಕೋರುವುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 482, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಂನಡಿ. ಪ್ರಕರಣದ ಜಿಲ್ಲೆಗೆ ಅನುಗುಣವಾಗಿ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ಗಂಡ-ಹೆಂಡತಿ ಜಗಳದ ಪ್ರಕರಣಗಳು ಕೆಳಗಿನ ಕೋರ್ಟಿನಲ್ಲಿ ರಾಜಿಗೆ ಬರುವುದಿಲ್ಲವಾದ್ದರಿಂದ, ಜಂಟಿ ಅರ್ಜಿ ಹಾಗೂ ದೂರುದಾರರ ಪ್ರಮಾಣಪತ್ರದೊಂದಿಗೆ ಇಲ್ಲಿಗೇ ಬರುತ್ತವೆ. ಸುಪ್ರೀಂ ಕೋರ್ಟಿನ 2012ರ ಗಿಯಾನ್ ಸಿಂಗ್ ತೀರ್ಪು ಇದಕ್ಕೆ ಆಧಾರ. ಕೊಲೆ, ಅತ್ಯಾಚಾರ, ದರೋಡೆಯಂಥವು ರಾಜಿಯಿಂದ ರದ್ದಾಗುವುದಿಲ್ಲ ಅಂತಲೂ ಅದೇ ತೀರ್ಪು ಹೇಳುತ್ತದೆ. ಇನ್ನು “ಸರ್ಕಾರ ಕೇಸ್ ವಾಪಸ್ ತಗೊಂಡಿದೆ” ಅಂತ ಪೇಪರ್‌ನಲ್ಲಿ ಓದಿ ನಿಶ್ಚಿಂತರಾಗುವ ಹೋರಾಟಗಾರರಿಗೆ ಒಂದು ಮಾತು. ಸಂಪುಟ ತೀರ್ಮಾನಿಸಿದರೆ ಸಾಲದು. ಸರ್ಕಾರಿ ಅಭಿಯೋಜಕರು ಸ್ವಂತ ವಿವೇಚನೆಯಿಂದ ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು. 2024ರ ಅಕ್ಟೋಬರ್‌ನಲ್ಲಿ 43 ಪ್ರಕರಣ ಹಿಂಪಡೆಯಲು ರಾಜ್ಯ ಸರ್ಕಾರ ಹೊರಡಿಸಿದ ಆದೇಶವನ್ನು ಹೈಕೋರ್ಟ್ 2025ರ ಮೇನಲ್ಲಿ ರದ್ದುಪಡಿಸಿತು.

ಈಗ ಕಾಗದದ ಕೆಲಸ. ಆದೇಶವಾದ ವಾರದಲ್ಲೇ ನಕಲು ಶಾಖೆಯಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಎರಡು ಮೂರು ಪ್ರತಿ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ವರ್ಷಗಳ ನಂತರ ಕಡತ ದಾಖಲೆ ಕೊಠಡಿಗೆ ಹೋದಮೇಲೆ ಅದನ್ನು ಹುಡುಕಿಸುವುದು ಬೇರೆಯೇ ವ್ರತ. ಆಮೇಲೆ ಠಾಣಾಧಿಕಾರಿಗೆ ಒಂದು ಪುಟದ ಮನವಿ. ಅದರಲ್ಲಿ ಕ್ರೈಂ ನಂಬರ್ ಮತ್ತು ವರ್ಷ, ಕಲಂಗಳು, ಸಿ.ಸಿ. ಅಥವಾ ಎಸ್.ಸಿ. (ಸೆಷನ್ಸ್ ಕೇಸ್) ನಂಬರ್, ಸಿಎನ್‌ಆರ್, ನ್ಯಾಯಾಲಯದ ಹೆಸರು, ಆದೇಶದ ದಿನಾಂಕ, ಎಷ್ಟನೇ ಆರೋಪಿ ಎಂಬುದು ಇರಲಿ. ಗಣಕದಲ್ಲಿ ಪ್ರಕರಣದ ಸ್ಥಿತಿಯನ್ನು ಆದೇಶಕ್ಕೆ ತಕ್ಕಂತೆ ತಿದ್ದಬೇಕು ಅಂತ ಕೋರಿಕೆ ಇರಲಿ. ಪ್ರತಿಗಳು ಎಸ್‌ಪಿ ಅಥವಾ ಡಿಸಿಪಿ ಕಚೇರಿಗೆ, ಜಿಲ್ಲಾ ಅಪರಾಧ ದಾಖಲೆ ವಿಭಾಗಕ್ಕೆ. ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ಸಾಧ್ಯವಾದರೆ ಹಿಂಬರಹವನ್ನೇ, ಅಂದರೆ ಲಿಖಿತ ಉತ್ತರವನ್ನೇ ಕೇಳಿ. ಬಾಯಿಮಾತಿನ “ಮಾಡ್ತೀವಿ ಹೋಗಿ”ಗೆ ಆ ಸಿಬ್ಬಂದಿಯ ವರ್ಗಾವಣೆವರೆಗಷ್ಟೇ ಆಯುಷ್ಯ. ಇಲ್ಲಿ ಎಡವುವುದು ಸಾಮಾನ್ಯವಾಗಿ ಹೆಸರಿನಲ್ಲಿ: ಎಫ್‌ಐಆರ್‌ನಲ್ಲಿ “ಮಂಜ @ ಮಂಜುನಾಥ”, ಆಧಾರ್‌ನಲ್ಲಿ “ಮಂಜುನಾಥ ಎಚ್.”, ತೀರ್ಪಿನಲ್ಲಿ ತಂದೆಯ ಹೆಸರು ತಪ್ಪು. ಮೂರನ್ನೂ ಮನವಿಯಲ್ಲೇ ನಮೂದಿಸಿ ಒಂದೇ ವ್ಯಕ್ತಿ ಅಂತ ಹೇಳಿಬಿಡಬೇಕು.

ಬೆರಳಚ್ಚಿನ ವಿಷಯ ಹೆಚ್ಚಿನವರಿಗೆ ಗೊತ್ತೇ ಇಲ್ಲ. 2022ರ ದಂಡ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಬೆರಳಚ್ಚು, ಕಣ್ಣಿನ ಪಾಪೆಯ ಗುರುತು, ಫೋಟೊಗಳನ್ನು 75 ವರ್ಷ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಅದೇ ಕಲಂನಲ್ಲಿ ಒಂದು ವಿನಾಯಿತಿ ಇದೆ: ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಕೈಬಿಡಲ್ಪಟ್ಟರೆ ಅಥವಾ ಎಲ್ಲ ಮೇಲ್ಮನವಿಗಳೂ ಮುಗಿದು ಖುಲಾಸೆಯಾದರೆ, ನ್ಯಾಯಾಲಯ ಕಾರಣ ಬರೆದು ಬೇರೆ ಆದೇಶ ಮಾಡದ ಹೊರತು ಅವನ್ನು ನಾಶಪಡಿಸಬೇಕು. “ಎಲ್ಲ ಮೇಲ್ಮನವಿಗಳೂ ಮುಗಿದು” ಎಂಬುದು ಮುಖ್ಯ. ಖುಲಾಸೆಯ ವಿರುದ್ಧ ಮೇಲ್ಮನವಿ ಸಲ್ಲಿಸಲು ಸರ್ಕಾರಕ್ಕೆ 90 ದಿನ ಇದೆ, ವಿಳಂಬ ಮನ್ನಾ ಮಾಡಿಸಿಕೊಂಡು ಆಮೇಲೂ ಬರಬಹುದು. ನಿಯಮಗಳ ಪ್ರಕಾರ ಕೋರಿಕೆ ಹೋಗಬೇಕಾದ್ದು ರಾಜ್ಯ ನೇಮಿಸಿರುವ ನೋಡಲ್ ಅಧಿಕಾರಿಗೆ. ಬೇರೆ ಪ್ರಕರಣಕ್ಕೆ ಆ ದಾಖಲೆ ತಳಕು ಹಾಕಿಕೊಂಡಿಲ್ಲ ಅಂತ ಪರಿಶೀಲಿಸಿ ಅವರು ಬ್ಯೂರೋಗೆ ಶಿಫಾರಸು ಮಾಡುತ್ತಾರೆ. ನಾಶಪಡಿಸಬೇಕು ಅಂತ ಕಾಯ್ದೆ ಹೇಳುತ್ತದೆ, ಅರ್ಜಿ ಹಾಕು ಅಂತ ನಿಯಮ ಹೇಳುತ್ತದೆ. ತಪ್ಪಿಲ್ಲದೆ ಹೊರಬಂದವನ ಮೇಲೆಯೇ ಈ ಹೊರೆ ಯಾಕೆ ಎಂಬುದಕ್ಕೆ ಸಮಂಜಸ ಉತ್ತರ ಕಾಣುವುದಿಲ್ಲ.

ರೌಡಿ ಶೀಟ್ ಇದೆಲ್ಲದರಿಂದ ಹೊರಗೇ ನಿಲ್ಲುವ ವಸ್ತು. ಅದು ಶಿಕ್ಷೆಯೂ ಅಲ್ಲ, ಕೋರ್ಟಿನ ದಾಖಲೆಯೂ ಅಲ್ಲ; ಕರ್ನಾಟಕ ಪೊಲೀಸ್ ಕೈಪಿಡಿಯಡಿ ಠಾಣೆ ತೆರೆಯುವ ನಿಗಾ ಕಡತ. ಆದ್ದರಿಂದ ಎಲ್ಲ ಕೇಸುಗಳಲ್ಲಿ ಖುಲಾಸೆಯಾದರೂ ಶೀಟ್ ತಾನಾಗಿ ಮುಚ್ಚುವುದಿಲ್ಲ. ಹಬ್ಬ, ಚುನಾವಣೆ ಬಂದಾಗ ಪರೇಡ್‌ಗೆ ಕರೆ ಬರುತ್ತಲೇ ಇರುತ್ತದೆ. ಪಟ್ಟಿಗೆ ಸೇರಿಸುವ ಮುನ್ನ ಆ ವ್ಯಕ್ತಿಯ ಮಾತು ಕೇಳಬೇಕು ಅಂತ ಹೈಕೋರ್ಟ್ 2022ರಲ್ಲಿ ಹೇಳಿದೆ. ಮುಚ್ಚಿಸಲು ಎಸಿಪಿ ಅಥವಾ ಡಿವೈಎಸ್‌ಪಿ ಮೂಲಕ ಲಿಖಿತ ಮನವಿ ಕೊಡಬೇಕು: ಪ್ರತಿ ಪ್ರಕರಣದ ಫಲಿತಾಂಶ, ಕೊನೆಯ ಪ್ರಕರಣದ ದಿನಾಂಕ, ಈಗಿನ ಉದ್ಯೋಗದ ಪುರಾವೆ. ತಿರಸ್ಕರಿಸಿದರೆ ಅಥವಾ ಸುಮ್ಮನೆ ಕೂತರೆ ರಿಟ್ ಅರ್ಜಿ. ಹಳೆಯ ಪ್ರಕರಣಗಳಷ್ಟೇ ಇದ್ದು ಇತ್ತೀಚಿನದೇನೂ ಇಲ್ಲದವರ ಅರ್ಜಿಗೆ ಬಲ ಹೆಚ್ಚು.

ನಿಜವಾದ ಅರ್ಥದಲ್ಲಿ ಅಳಿಸುವ ಕಾನೂನು ಇರುವುದು ಮಕ್ಕಳಿಗೆ ಮಾತ್ರ. 2015ರ ಬಾಲ ನ್ಯಾಯ ಕಾಯ್ದೆ “ಹೊಸ ಆರಂಭ”ವನ್ನು ತನ್ನ ಮೂಲ ತತ್ವಗಳಲ್ಲೊಂದಾಗಿ 3ನೇ ಕಲಂನಲ್ಲೇ ಬರೆದಿದೆ. 24ನೇ ಕಲಂ ಪ್ರಕಾರ ಅಪರಾಧ ಸಾಬೀತಾದರೂ ಮಗುವಿಗೆ ಯಾವ ಅನರ್ಹತೆಯೂ ಅಂಟುವುದಿಲ್ಲ, ದಾಖಲೆ ನಾಶಪಡಿಸಲು ಬಾಲ ನ್ಯಾಯ ಮಂಡಳಿ ಆದೇಶಿಸಬೇಕು. ಕೇಂದ್ರದ 2016ರ ಮಾದರಿ ನಿಯಮಗಳು ಮೇಲ್ಮನವಿ ಅವಧಿ ಮುಗಿಯುವವರೆಗೆ ಅಥವಾ 7 ವರ್ಷ, ಅದಕ್ಕಿಂತ ಹೆಚ್ಚಿಲ್ಲ ಅಂತ ಮಿತಿ ಹಾಕಿವೆ. 16 ದಾಟಿದವರನ್ನು ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಿಸಿ ದೋಷಿಯೆಂದಾಗ ಮಾತ್ರ ಇದು ಅನ್ವಯಿಸದು. 74ನೇ ಕಲಂ ಇನ್ನೂ ನೇರ: ಮುಗಿದ ಪ್ರಕರಣದ ದಾಖಲೆಯನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಲೀ ಬೇರೆ ಯಾವುದಕ್ಕಾಗಲೀ ಬಹಿರಂಗಪಡಿಸುವಂತಿಲ್ಲ. ಬಾಲ್ಯದ ಪ್ರಕರಣವನ್ನು ಮುಂದಿಟ್ಟು ನೇಮಕಾತಿ ತಡೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ.

ಇಷ್ಟು ಒಳ್ಳೆಯ ಕಾನೂನು ಜಾರಿಯಲ್ಲಿ ಸೋರುವುದು ಎರಡು ಕಡೆ. ಒಂದು, ಮಂಡಳಿ ಪ್ರಕರಣ ಮುಗಿಸಿದ ಆದೇಶದಲ್ಲಿ ದಾಖಲೆ ನಾಶದ ಸಾಲೇ ಇರುವುದಿಲ್ಲ. ಪೋಷಕರು ಬಿಟ್ಟರಲ್ಲ ಅಂತ ಕೈಮುಗಿದು ಮನೆಗೆ ಹೋಗುತ್ತಾರೆ. ಆ ಸಾಲಿಗಾಗಿ ಪ್ರತ್ಯೇಕ ಅರ್ಜಿ ಹಾಕಿ, ಆದೇಶದ ಪ್ರತಿ ಠಾಣೆಗೆ ಮುಟ್ಟಿಸಬೇಕು. ಎರಡು, ಹದಿನೇಳರ ಹುಡುಗನನ್ನು ಎಫ್‌ಐಆರ್‌ನಲ್ಲಿ 19 ವರ್ಷ ಅಂತ ಬರೆದು ವಯಸ್ಕರ ಕೋರ್ಟಿಗೆ ಕಳಿಸಿರುತ್ತಾರೆ. ಇದಕ್ಕೆ 9ನೇ ಕಲಂನಲ್ಲಿ ಮದ್ದಿದೆ. ಕೃತ್ಯ ನಡೆದ ದಿನ 18 ತುಂಬಿರಲಿಲ್ಲ ಎಂಬ ವಾದವನ್ನು ಯಾವುದೇ ನ್ಯಾಯಾಲಯದಲ್ಲಿ, ಯಾವುದೇ ಹಂತದಲ್ಲಿ, ಪ್ರಕರಣ ಅಂತಿಮವಾಗಿ ಮುಗಿದ ಮೇಲೂ ಎತ್ತಬಹುದು. ಪುರಾವೆಯಾಗಿ ಮೊದಲು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರಷ್ಟೇ ಮೂಳೆ ಪರೀಕ್ಷೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಜೂನ್ 1 ಅಂತ ಬರೆದ ತಾರೀಖೇ ಇಲ್ಲಿ ಎಷ್ಟೋ ಹುಡುಗರನ್ನು ಉಳಿಸಿರಬಹುದು, ಮುಳುಗಿಸಿರಲೂಬಹುದು.

ದಾಖಲೆ ಅಳಿಯದಿದ್ದಾಗ ಉಳಿಯುವುದು ಅರ್ಜಿ ತುಂಬುವ ಶಿಸ್ತು. ಸರ್ಕಾರಿ ನೇಮಕಾತಿಯ ದೃಢೀಕರಣ ಪತ್ರ “ಬಂಧನವಾಗಿತ್ತೇ”, “ಪ್ರಕರಣ ಬಾಕಿ ಇದೆಯೇ”, “ಶಿಕ್ಷೆಯಾಗಿದೆಯೇ” ಅಂತ ಬೇರೆ ಬೇರೆಯಾಗಿ ಕೇಳುತ್ತದೆ. ಖುಲಾಸೆಯಾದವನು ಮೂರನೆಯದಕ್ಕೆ ಇಲ್ಲ ಎನ್ನಬಹುದು; ಮೊದಲನೆಯದಕ್ಕೆ ಇಲ್ಲ ಎನ್ನುವಂತಿಲ್ಲ. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2016ರ ತೀರ್ಪಿನ ಸಾರ ಇಷ್ಟು: ಚಿಕ್ಕ ವಯಸ್ಸಿನ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ಉದ್ಯೋಗದಾತರು ಮನ್ನಿಸಬಹುದು, ಗಂಭೀರವಾದದ್ದನ್ನು ಮುಚ್ಚಿಟ್ಟರೆ ಕೆಲಸ ಹೋಗಬಹುದು, ಸತ್ಯ ಹೇಳಿದರೂ ಯೋಗ್ಯತೆ ತೂಗುವ ಹಕ್ಕು ಅವರಿಗಿದೆ. ಸಾಕ್ಷಿಗಳು ತಿರುಗಿಬಿದ್ದು ಆದ ಖುಲಾಸೆಗೂ, ಆರೋಪವೇ ಸುಳ್ಳೆಂದು ಆದ ಖುಲಾಸೆಗೂ ನೇಮಕಾತಿ ಪ್ರಾಧಿಕಾರ ಒಂದೇ ಬೆಲೆ ಕೊಡಬೇಕಿಲ್ಲ, ವಿಶೇಷವಾಗಿ ಪೊಲೀಸ್ ಹುದ್ದೆಗೆ.

ಪಾಸ್‌ಪೋರ್ಟ್ ಇದಕ್ಕಿಂತ ಸುಲಭ. 1967ರ ಕಾಯ್ದೆಯಡಿ ಅಡ್ಡಿಯಾಗುವುದು ನ್ಯಾಯಾಲಯದಲ್ಲಿ ಬಾಕಿ ಇರುವ ಪ್ರಕರಣ, ಇಲ್ಲವೇ ಕಳೆದ 5 ವರ್ಷದಲ್ಲಿ ನೈತಿಕ ಅಧಃಪತನದ ಅಪರಾಧಕ್ಕಾಗಿ ಆದ 2 ವರ್ಷ ಅಥವಾ ಹೆಚ್ಚಿನ ಸಜೆ. ಬಾಕಿ ಇದ್ದರೂ ವಿಚಾರಣಾ ನ್ಯಾಯಾಲಯದ ಅನುಮತಿ ತಂದರೆ 1993ರ ಅಧಿಸೂಚನೆಯಡಿ ಪಾಸ್‌ಪೋರ್ಟ್ ಸಿಗುತ್ತದೆ. ಅನುಮತಿ ಆದೇಶದಲ್ಲಿ ಅವಧಿ ಬರೆಸದಿದ್ದರೆ ಒಂದೇ ವರ್ಷದ್ದು ಕೈಗೆ ಬರುತ್ತದೆ, ಅರ್ಜಿಯಲ್ಲೇ ಅವಧಿ ಕೇಳಬೇಕು. ಅಮೆರಿಕದ ವೀಸಾ ಅರ್ಜಿ ಮಾತ್ರ ಬೇರೆ ಜಾತಿ. ಕ್ಷಮಾದಾನ ಸಿಕ್ಕಿದ್ದರೂ ಸರಿ, ಎಂದಾದರೂ ಬಂಧನವಾಗಿತ್ತೇ ಅಂತ ಕೇಳುತ್ತದೆ. ಅಲ್ಲೇ ನೆಲೆಸಿರುವ ನಮ್ಮವರಿಗೂ ಈ ಎಚ್ಚರಿಕೆ ಸಲ್ಲುತ್ತದೆ: ಅಲ್ಲಿನ ರಾಜ್ಯದ ಕೋರ್ಟ್ ದಾಖಲೆ ಅಳಿಸಿಕೊಟ್ಟಿದ್ದರೂ ವಲಸೆ ಕಾನೂನಿಗೆ ಆ ಶಿಕ್ಷೆ ಶಿಕ್ಷೆಯೇ. ಅಳಿಸಿಸಿದ ಮೇಲೂ ಪೌರತ್ವದ ಅರ್ಜಿಯಲ್ಲಿ ಹೇಳಲೇಬೇಕು, ಆದ್ದರಿಂದ ಅಳಿಸುವ ಮುನ್ನ ದೃಢೀಕೃತ ಪ್ರತಿ ತೆಗೆದಿಟ್ಟುಕೊಳ್ಳಬೇಕು.

ಕೊನೆಗೆ ಗೂಗಲ್. ಮರೆಯಲ್ಪಡುವ ಹಕ್ಕಿನ (ತನ್ನ ಹಳೆಯ ಮಾಹಿತಿ ಅಂತರ್ಜಾಲದಲ್ಲಿ ಕಾಣಬಾರದು ಅಂತ ಕೇಳುವ ಹಕ್ಕು) ಮಾತನ್ನು ಮೊದಮೊದಲು ಎತ್ತಿದ ಕೋರ್ಟುಗಳಲ್ಲಿ ನಮ್ಮ ಹೈಕೋರ್ಟೂ ಒಂದು. 2017ರ ಜನವರಿಯಲ್ಲಿ ಮಹಿಳೆಯೊಬ್ಬರ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ಮರೆಮಾಚಲು ಆದೇಶಿಸಿತು. ದೆಹಲಿ ಹೈಕೋರ್ಟ್ 2021ರಲ್ಲಿ ಖುಲಾಸೆಯಾದವರೊಬ್ಬರ ತೀರ್ಪನ್ನು ಹುಡುಕಾಟದಿಂದ ಮರೆಮಾಡಿಸಿತು. (ಅವರ ಹೆಸರನ್ನೇ ಶೀರ್ಷಿಕೆಯಾಗಿಟ್ಟುಕೊಂಡು ಆ ಆದೇಶ ಎಲ್ಲೆಡೆ ಸುದ್ದಿಯಾಯಿತು ಎನ್ನುವುದು ಬೇರೆ ಮಾತು.) ಮದ್ರಾಸ್ ಹೈಕೋರ್ಟ್ 2024ರಲ್ಲಿ ಅಂಥದ್ದೇ ಆದೇಶ ಕೊಟ್ಟಾಗ ಸುಪ್ರೀಂ ಕೋರ್ಟ್ ಅದೇ ವರ್ಷದ ಜುಲೈನಲ್ಲಿ ತಡೆ ನೀಡಿತು. ಹೀಗಾಗಿ ತೀರ್ಪನ್ನೇ ತೆಗೆಸುವ ಹಟಕ್ಕಿಂತ, ಹೆಸರು ಮರೆಮಾಚಿಸುವ ಕೋರಿಕೆಯೇ ಫಲ ಕೊಡುವ ಸಂಭವ ಹೆಚ್ಚು. ಅದನ್ನು ಪ್ರಕರಣ ಮುಗಿದ ಮೇಲೆ ಹೊಸ ಅರ್ಜಿಯಾಗಿ ತರುವ ಬದಲು, ರದ್ದು ಕೋರುವ ಅರ್ಜಿಯ ಪ್ರಾರ್ಥನೆಯಲ್ಲೇ (ಕೋರಿಕೆಯ ಭಾಗದಲ್ಲೇ) ಎರಡನೇ ಅಂಶವಾಗಿ ಸೇರಿಸಬೇಕು: ಶೀರ್ಷಿಕೆಯಲ್ಲೂ ಪಠ್ಯದಲ್ಲೂ ಹೆಸರಿನ ಬದಲು ಅಕ್ಷರ, ಹೈಕೋರ್ಟಿನ ತಾಣದಲ್ಲೂ ಕೆಳಗಿನ ಕೋರ್ಟಿನ ಇ-ಕೋರ್ಟ್ಸ್ ದಾಖಲೆಯಲ್ಲೂ ಅದೇ ಬದಲಾವಣೆ, ಖಾಸಗಿ ತಾಣಗಳಿಗೆ ಆದೇಶದ ಪ್ರತಿಯೊಂದಿಗೆ ಕೇಳುವ ಸ್ವಾತಂತ್ರ್ಯ. ಆದೇಶ ಸಿಕ್ಕಮೇಲೆ ಆ ತಾಣಗಳಿಗೆ ಬರೆಯುವಾಗ ಪುಟದ ಪೂರ್ಣ ವಿಳಾಸವನ್ನು ಒಂದೊಂದಾಗಿ ಕೊಡಿ. “ನನ್ನ ಹೆಸರಿರುವ ಎಲ್ಲವನ್ನೂ ತೆಗೆಯಿರಿ” ಎಂಬ ಪತ್ರದಿಂದ ಕೆಲಸವಾಗುವುದಿಲ್ಲ.